ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ದಾಸೋಹ

ದಾಸೋಹವೆಂಬ ಮಾತು ವೀರಶೈವರ ಮನೆಮನೆಗಳಲ್ಲಿ ನಿತ್ಯವೂ ಕೇಳಿಬರುವಂಥದು. ಜಾತ್ರೆಯ ಪ್ರಸಾದದ ಪಂಕ್ತಿಗೂ, ಮಠದ ಅಡಿಗೆಮನೆಗೂ, ಜಂಗಮರನ್ನು ಬಿನ್ನಹಕ್ಕೆ ಕರೆದು ಉಣಬಡಿಸುವ ಗೃಹಸ್ಥನ ಸೇವೆಗೂ ಇದೊಂದೇ ಹೆಸರು. ಈ ಪದವು ‘ದಾಸನು ನಾನು’ ಎಂಬ ಅರ್ಥವುಳ್ಳ ಸಂಸ್ಕೃತದ ಮಾತಿನಿಂದ ಬಂದುದೆಂಬುದನ್ನು ನೆನೆದರೆ, ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ತಾನಾಗಿಯೇ ತಿಳಿದುಬರುತ್ತದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಾದರೋ ಕೊಡುವವನೇ ಬಾಗಬೇಕು. ಅಷ್ಟೇ ಅಲ್ಲದೆ, ಇಂದು ಕೊಳ್ಳುವವನು ನಾಳೆ ತಾನೂ ದಾಸೋಹಿಯಾಗುವ ಶಕ್ತಿಯನ್ನು ಪಡೆಯಬೇಕು. ಅಂಧನಾದವನಿಗೆ ಒಂದು ಹೊತ್ತಿನ ಅನ್ನವನ್ನಿಕ್ಕುವುದು ಸುಲಭವಾದ ಕೆಲಸ. ಅವನೇ ಕಾಯಕವನ್ನು ಕೈಕೊಂಡು ಇನ್ನೊಬ್ಬರಿಗೆ ಅನ್ನವಿಕ್ಕುವಂತೆ ಮಾಡುವುದು ಕಠಿನವಾದುದು. ಈ ಕಠಿನ ಕಾರ್ಯವನ್ನು ತಾವೇ ಅಂಧರಾಗಿದ್ದು ಸಾಧಿಸಿ ತೋರಿಸಿದ ಮಹನೀಯರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು.

ಗವಾಯಿಗಳವರು ಜನಿಸಿದುದು 1892ನೆಯ ಇಸವಿ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಬಡ ಜಂಗಮರ ಮನೆ. ತಾಯಿಯ ಹೆಸರು ನೀಲಮ್ಮ. ಹುಟ್ಟುಹೆಸರು ಗದಿಗೆಯ್ಯ, ಪಂಚಾಕ್ಷರಿಯೆಂಬ ಹೆಸರು ಆ ಮೇಲೆ ಬಂದುದು. ಮಗುವಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣನಿಗೂ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರೂ ಅಂಧರು. ಆ ತಾಯಿಯ ಸಂಕಟವನ್ನು ವರ್ಣಿಸಬೇಕಾದುದಿಲ್ಲ.

ಆ ಕಾಲವೂ ಸುಭಿಕ್ಷದ ಕಾಲವಾಗಿರಲಿಲ್ಲ. ಗದಿಗೆಯ್ಯನ ಬಾಲ್ಯದಲ್ಲಿಯೇ 1896ರ ಮತ್ತು 1899ರ ಬರಗಾಲಗಳು ಮುಂಬಯಿ ಪ್ರಾಂತವನ್ನು ಹಿಂಡಿದವು. ಹಿಂದೆಯೇ ಪ್ಲೇಗಿನ ಹಾವಳಿಯೂ ಬಂದಿತು. ಕಣ್ಣಿದ್ದವರಿಗೇ ಕೂಳು ದುರ್ಲಭವಾಗಿದ್ದ ಆ ದಿನಗಳಲ್ಲಿ ಹಳ್ಳಿಯ ಅಂಧಬಾಲಕನಿಗೆ ಎರಡೇ ದಾರಿಗಳಿದ್ದವು. ಒಂದು, ಮನೆಯ ಮೂಲೆಯಲ್ಲಿ ಕುಳಿತು ಹಾಕಿದ್ದನ್ನು ಉಣ್ಣುವುದು. ಇನ್ನೊಂದು, ಕೋಲು ಹಿಡಿದು ಭಿಕ್ಷೆಗೆ ಹೋಗುವುದು. ಕಣ್ಣು ಬೇನೆಗೆ ಸರಿಯಾದ ಔಷಧೋಪಚಾರವಿಲ್ಲದೆ, ಮೈಲಿಬೇನೆಯ ದೆಸೆಯಿಂದ, ಪೌಷ್ಟಿಕಾಂಶಗಳಿಲ್ಲದ ಆಹಾರದಿಂದ ದೃಷ್ಟಿ ಕಳೆದುಕೊಂಡ ಮಕ್ಕಳು ಊರೂರಲ್ಲಿಯೂ ಇದ್ದರು. ಅಂಧರಿಗಾಗಿ ಭರತಖಂಡದಲ್ಲಿ ಮೊದಲ ಶಾಲೆಯು ಅಮೃತಸರದಲ್ಲಿ ಆರಂಭವಾದುದು 1887ರಲ್ಲಿ, ಅಂದರೆ ಗದಿಗೆಯ್ಯನು ಹುಟ್ಟುವುದಕ್ಕೆ ಕೇವಲ ಐದು ವರ್ಷಗಳ ಮುಂಚೆ. ಕಾಡಶೆಟ್ಟಿಹಳ್ಳಿಯಂತಹ ಊರಿಗೆ ಅಂತಹ ಶಾಲೆಯ ಸುದ್ದಿಯೂ ಮುಟ್ಟುವಂತಿರಲಿಲ್ಲ.

ಆದರೆ ಆ ಬಾಲಕರಿಗೆ ಒಂದು ಭಾಗ್ಯವಿದ್ದಿತು. ಅವರ ಕಂಠ ಮಧುರವಾಗಿದ್ದಿತು. ಮತ್ತೊಂದು ಭಾಗ್ಯವೂ ಇದ್ದಿತು. ಆ ಕಂಠವನ್ನು ಕೇಳಿ ಅದರ ಬೆಲೆಯನ್ನರಿಯಬಲ್ಲ ಮಹಾತ್ಮರು ಸಮೀಪದ ಹಾನಗಲ್ಲಿನಲ್ಲಿಯೇ ಇದ್ದರು. ಅವರೇ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳವರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ ಸಮಾಜಕ್ಕೆ ಹೊಸ ಚೈತನ್ಯವನ್ನು ತುಂಬಿದ ಆ ಪುಣ್ಯಪುರುಷರು, ಅಂಧಬಾಲಕರ ಗಾನವನ್ನು ಕೇಳಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು.

ಇಲ್ಲಿ ಸದ್ಭಕ್ತರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮಠದಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಹುಡುಗರಿಗೆ ಎರಡು ಹೊತ್ತು ಪ್ರಸಾದವನ್ನು ಕೊಟ್ಟು ಒಂದು ಕಟ್ಟೆಯ ಮೇಲೆ ಕೂರಿಸಿದ್ದರೂ ಲೋಕವು ಶ್ರೀಗಳವರನ್ನು ಕರುಣಾಳುಗಳೆಂದೇ ಕೊಂಡಾಡುತ್ತಿದ್ದಿತು. ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಹುಡುಗನಲ್ಲಿ ಏನಿಲ್ಲವೆಂಬುದನ್ನು ಊರೆಲ್ಲ ಕಂಡಿದ್ದಿತು. ಏನಿದೆಯೆಂಬುದನ್ನು ಕಂಡವರು ಶಿವಯೋಗಿಗಳು. ಕಣ್ಣಿಲ್ಲದಿದ್ದರೆ ಕಿವಿಯಿದೆ, ಕಂಠವಿದೆ, ಕೈಯಿದೆ, ನೆನಪಿನ ಶಕ್ತಿಯಿದೆ. ಕಾಯವೆಂಬುದು ಇವೆಲ್ಲವೂ ಕೂಡಿ ಆದುದು. ಒಂದಂಗವಿಲ್ಲವೆಂದ ಮಾತ್ರಕ್ಕೆ ಕಾಯಕಕ್ಕೆ ಕಾಯವು ಅನರ್ಹವಾಗುವುದಿಲ್ಲ. ಶರಣರ ಕಾಯಕತತ್ತ್ವವನ್ನು ಅಂಧಬಾಲಕನಿಗೂ ಅನ್ವಯಿಸಿದ ಈ ದೃಷ್ಟಿಯೇ ಮುಂದಿನ ಎಲ್ಲಕ್ಕೂ ಬೀಜವಾಯಿತು.

ಗದಿಗೆಯ್ಯನ ಸಂಗೀತಾಭ್ಯಾಸಕ್ಕೆ ಶಿವಯೋಗಿಗಳು ಯಾವ ಕೊರತೆಯನ್ನೂ ಮಾಡಲಿಲ್ಲ. ಮೊದಲು ಕರ್ನಾಟಕ ಸಂಗೀತದ ಶಿಕ್ಷಣವಾಯಿತು. ಅನಂತರ ಹಿಂದುಸ್ತಾನಿ ಪದ್ಧತಿಯ ಶಿಕ್ಷಣವಾಯಿತು. ನೀಲಕಂಠಬುವಾ ಮಿರಜಕರರೂ ಉಸ್ತಾದ ವಹೀದ ಖಾನರೂ ಅವರಿಗೆ ವಿದ್ಯೆಯನ್ನು ಧಾರೆಯೆರೆದರು. ವಿರಕ್ತಮಠದ ಆಶ್ರಯದಲ್ಲಿ ಬೆಳೆದ ಜಂಗಮವಟುವು ಮುಸಲ್ಮಾನ ಉಸ್ತಾದರ ಮುಂದೆ ಕುಳಿತು ಕಲಿತನೆಂಬುದನ್ನು ಮರೆಯಬಾರದು. ವಿದ್ಯೆಗೆ ಕುಲದ ಬೇಲಿಯಿಲ್ಲವೆಂಬ ಪಾಠವು ಗವಾಯಿಗಳವರಿಗೆ ಬಾಯಿಂದ ಬಂದುದಲ್ಲ, ಬದುಕಿನಿಂದ ಬಂದುದು. ಎರಡೂ ಪದ್ಧತಿಗಳಲ್ಲಿ ಸಮಾನವಾದ ಪ್ರೌಢಿಮೆಯನ್ನು ಪಡೆದ ಅವರನ್ನು ನಾಡು ಉಭಯಗಾನವಿಶಾರದರೆಂದು ಕರೆಯಿತು. ಗಾಯನವಲ್ಲದೆ ತಬಲಾ ಮೊದಲಾದ ವಾದ್ಯಗಳೂ ಅವರಿಗೆ ಕರಗತವಾಗಿದ್ದವು.

ಇಂತಹ ವಿದ್ವತ್ತನ್ನು ಪಡೆದವರು ಸಂಸ್ಥಾನಗಳ ಆಶ್ರಯವನ್ನರಸಿ ಸುಖವಾಗಿರುತ್ತಿದ್ದ ಕಾಲವದು. ಗವಾಯಿಗಳವರು ಆ ದಾರಿಯನ್ನು ಹಿಡಿಯಲಿಲ್ಲ. ತಾವು ಪಡೆದುದನ್ನು ತಮ್ಮಂತೆಯೇ ಕಣ್ಣಿಲ್ಲದವರಿಗೂ ಅನಾಥರಿಗೂ ಹಂಚಬೇಕೆಂಬ ಗುರುವಿನ ಆಣತಿಯನ್ನು ತಲೆಯ ಮೇಲೆ ಹೊತ್ತು, ಬ್ರಹ್ಮಚರ್ಯದಲ್ಲಿಯೇ ಉಳಿದು, ಜೀವನವೆಲ್ಲವನ್ನೂ ಅದಕ್ಕೇ ಮೀಸಲಾಗಿಟ್ಟರು.

ಮೊದಮೊದಲು ಅವರ ಪಾಠಶಾಲೆಗೆ ನೆಲವಿರಲಿಲ್ಲ, ಗೋಡೆಗಳಿರಲಿಲ್ಲ, ಸೂರಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವುದು. ಒಂದೂರಿನ ಮಠದಲ್ಲಿ ಕೆಲವು ಕಾಲ, ಮತ್ತೊಂದೂರಿನ ಗುಡಿಯಲ್ಲಿ ಕೆಲವು ಕಾಲ ತಂಗುವುದು. ಭಕ್ತರು ಕೊಟ್ಟ ಜೋಳದಿಂದ ರೊಟ್ಟಿಯಾಗುವುದು. ಹಗಲು ಪಾಠ, ರಾತ್ರಿ ಕೀರ್ತನೆ. ಹೀಗೆ ನಡೆಯಿತು ಆ ಸಂಚಾರಿ ಸಂಗೀತಶಾಲೆ. ಸ್ಥಾವರ ಜಂಗಮಗಳ ವಿವೇಕವನ್ನು ವಚನಗಳಲ್ಲಿ ಓದಿದವರಿಗೆ, ಜಂಗಮರ ಮಗನ ಈ ಶಾಲೆಯೂ ಅಕ್ಷರಶಃ ಜಂಗಮವೇ ಆಗಿದ್ದಿತೆಂಬುದು ಹೊಳೆಯದೆ ಇರದು. ಕಣ್ಣಿಲ್ಲದ ಮಕ್ಕಳು ಗುರುವನ್ನು ಹುಡುಕಿಕೊಂಡು ದೂರ ಬರಲಾರರು. ಆದುದರಿಂದ ಗುರುವೇ ಮಕ್ಕಳಿದ್ದಲ್ಲಿಗೆ ನಡೆದನು.

ಪಾಠಕ್ರಮವೂ ವಿಶಿಷ್ಟವಾದುದು. ಕಣ್ಣಿದ್ದ ಗುರುವು ಕಣ್ಣಿಲ್ಲದವನಿಗೆ ಕಲಿಸುವಾಗ ಎಲ್ಲಿಯೋ ಒಂದು ಕಡೆ ಬರಹವನ್ನು ನಂಬುತ್ತಾನೆ, ಎಲ್ಲಿಯೋ ಒಂದು ಕಡೆ ಮರುಕಪಡುತ್ತಾನೆ. ಇಲ್ಲಿ ಗುರುವೂ ಅಂಧನೇ. ಆದುದರಿಂದ ಕಣ್ಣಿಲ್ಲವೆಂಬ ನೆವವನ್ನು ಶಿಷ್ಯನು ಹೇಳುವಂತಿರಲಿಲ್ಲ; ಕಣ್ಣಿಲ್ಲದೆ ಕಲಿಯುವುದು ಸಾಧ್ಯವೆಂಬುದಕ್ಕೆ ಎದುರಿಗೇ ಸಾಕ್ಷಿಯಿದ್ದಿತು. ವೇದವನ್ನು ಗುರುಮುಖದಿಂದ ಕೇಳಿ ಕಲಿಯುತ್ತಿದ್ದ ಪ್ರಾಚೀನ ಶ್ರುತಿಪರಂಪರೆಯಂತೆ ಸ್ವರವು ಕಿವಿಯಿಂದ ಕಂಠಕ್ಕೆ ಇಳಿಯಬೇಕು. ತಾಳವು ಬೆರಳಿನಿಂದ ಬೆರಳಿಗೆ ದಾಟಬೇಕು. ಎಲ್ಲರಿಗೂ ಕಂಠಸಿರಿಯಿರುವುದಿಲ್ಲ. ಕಂಠವಿಲ್ಲದವನಿಗೆ ತಬಲಾ, ಇನ್ನೊಬ್ಬನಿಗೆ ಹಾರ್ಮೋನಿಯಂ, ಮತ್ತೊಬ್ಬನಿಗೆ ಪಿಟೀಲು, ಮಾತುಗಾರಿಕೆಯಿದ್ದವನಿಗೆ ಕೀರ್ತನೆ ಮತ್ತು ಪುರಾಣಪ್ರವಚನ. ಹೀಗೆ ಯಾರನ್ನೂ ನಿರುಪಯೋಗಿಯೆಂದು ತಳ್ಳದೆ ಅವರವರ ಅಂಗಕ್ಕೆ ತಕ್ಕ ವಿದ್ಯೆ ದೊರೆಯುತ್ತಿದ್ದಿತು. ಕಣ್ಣಿದ್ದ ಬಡಮಕ್ಕಳೂ ಅನಾಥಮಕ್ಕಳೂ ಅಲ್ಲಿದ್ದರು. ಅವರು ಅಂಧರ ಕೈಹಿಡಿದು ನಡೆಸಿದರೆ, ಅಂಧರು ಅವರಿಗೆ ಸ್ವರಜ್ಞಾನದ ದಾರಿಯನ್ನು ತೋರಿಸುತ್ತಿದ್ದರು. ಯಾವನೂ ಬರಿಯ ಕೊಳ್ಳುವವನಲ್ಲ, ಯಾವನೂ ಬರಿಯ ಕೊಡುವವನಲ್ಲ. ಜಾತಿಯನ್ನು ಕೇಳಿ ಒಳಗೆ ಬಿಡುವ ಪದ್ಧತಿಯೂ ಅಲ್ಲಿರಲಿಲ್ಲ.

ಇದರಲ್ಲಿ ಲೋಕಜ್ಞಾನವೂ ಅಡಗಿದ್ದಿತು. ಉತ್ತರ ಕರ್ನಾಟಕದ ಮಠಗಳಲ್ಲಿ ಶ್ರಾವಣಮಾಸ ಬಂದಿತೆಂದರೆ ಪುರಾಣ ಹಚ್ಚುವ ವಾಡಿಕೆ. ಪುರಾಣಕ್ಕೆ ಪ್ರವಚನಕಾರನೊಬ್ಬನು, ಗವಾಯಿಯೊಬ್ಬನು, ತಬಲಜಿಯೊಬ್ಬನು ಬೇಕೇ ಬೇಕು. ಜಾತ್ರೆಗಳಲ್ಲಿ ಭಜನೆ ಕೀರ್ತನೆಗಳಿಗೆ, ನಾಟಕಮಂಡಲಿಗಳಿಗೆ, ಶಾಲೆಗಳಿಗೆ ಸಂಗೀತ ಬಲ್ಲವರು ಬೇಕು. ಸಮಾಜಕ್ಕೆ ನಿಜವಾಗಿ ಬೇಕಾದ ವಿದ್ಯೆಯನ್ನೇ ಕಲಿಸಿದುದರಿಂದ, ಕಲಿತು ಹೊರಬಿದ್ದ ಅಂಧನು ಮತ್ತೆ ಭಿಕ್ಷಾಪಾತ್ರೆಯನ್ನು ಹಿಡಿಯಬೇಕಾಗುತ್ತಿರಲಿಲ್ಲ. ಊರಿನವರು ಅವನನ್ನು ಕುರುಡನೆಂದು ಕರೆಯದೆ ಗವಾಯಿಗಳೆಂದು ಕರೆದು, ಕಾಲಿಗೆ ನೀರು ಕೊಟ್ಟು, ಗದ್ದಿಗೆ ಹಾಸಿ ಕೂರಿಸಿದರು. ಶರಣರ ವಚನಗಳನ್ನು ರಾಗತಾಳಬದ್ಧವಾಗಿ ಹಾಡುವ ಸಂಪ್ರದಾಯವು ಹಳ್ಳಿಹಳ್ಳಿಗೆ ಹಬ್ಬುವುದಕ್ಕೂ ಈ ಶಿಷ್ಯವರ್ಗವು ಬಹುಮಟ್ಟಿಗೆ ಕಾರಣವಾಯಿತು.

1930ರಲ್ಲಿ ಶ್ರೀ ಕುಮಾರ ಶಿವಯೋಗಿಗಳು ಲಿಂಗೈಕ್ಯರಾದರು. ಗವಾಯಿಗಳವರಿಗೆ ಆಗ 38 ವರ್ಷ. ಆಶ್ರಯವಿತ್ತ ಮಹಾವೃಕ್ಷವೇ ಮರೆಯಾಯಿತು. ಕೆಳಗೆ ನೆರಳಿಗೆ ಬಂದಿದ್ದ ಮಕ್ಕಳು ಹಾಗೆಯೇ ಉಳಿದರು. ಗುರುವಿಲ್ಲವೆಂದು ದುಃಖಿಸಬಹುದು, ಆದರೆ ಮಕ್ಕಳ ಹಸಿವು ದುಃಖಕ್ಕಾಗಿ ಕಾಯುವುದಿಲ್ಲ. ಕೇವಲ ಕಾಣಿಕೆಯನ್ನು ನಂಬಿದ ಸಂಸ್ಥೆಯು ಕಾಣಿಕೆ ಬತ್ತಿದ ದಿನ ಒಣಗುತ್ತದೆಂಬುದನ್ನು ಗವಾಯಿಗಳವರು ಅರಿತಿದ್ದರು. ಅವರು ಕಂಡುಕೊಂಡ ಉಪಾಯವು ನಾಟಕಮಂಡಲಿ. ಗುರು ಕುಮಾರೇಶ್ವರರ ಹೆಸರಿನಲ್ಲಿ ನಡೆದ ಆ ಮಂಡಲಿಯು ಊರೂರುಗಳಲ್ಲಿ ಶರಣರ ಕಥೆಗಳನ್ನಾಡಿ ತಂದ ದುಡ್ಡು ಮಕ್ಕಳ ಅನ್ನವಾಯಿತು.

ನಾಟಕವೆಂದರೆ ಮೂಗು ಮುರಿಯುವವರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ಬಣ್ಣ ಹಚ್ಚುವ ವೃತ್ತಿಗೂ ವಿರಕ್ತರ ಶಿಷ್ಯನಿಗೂ ಎಲ್ಲಿಯ ನಂಟೆಂಬ ಸಂಶಯವು ಇಂದಿನ ಓದುಗರಲ್ಲಿಯೂ ಕೆಲವರಿಗೆ ಬರಬಹುದು. ಶರಣರ ಚರಿತ್ರೆಯನ್ನು ನೆನೆದರೆ ಸಂಶಯವು ನಿಲ್ಲದು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದೇ ದಾಸೋಹವನ್ನು ನಡೆಸಿದನು. ಒಂದು ದಿನ ಹೆಚ್ಚಾಗಿ ತಂದಾಗ ಸತಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿದಳು. ನುಲಿಯ ಚಂದಯ್ಯನು ಹುಲ್ಲಿನ ಹಗ್ಗವನ್ನು ಹೊಸೆದು ಮಾರಿ ಜಂಗಮಸೇವೆಯನ್ನು ಮಾಡಿದನು. ಶರಣರು ಎಣಿಸಿದುದು ಕಾಯಕದ ಶುದ್ಧಿಯನ್ನೇ ಹೊರತು ಅದರ ಅಂತಸ್ತನ್ನಲ್ಲ. ಹಗ್ಗದಿಂದ ದಾಸೋಹವಾಗಬಹುದಾದರೆ ರಂಗಭೂಮಿಯಿಂದಲೂ ಆಗಬಹುದು. ಅದರ ಸಂಪಾದನೆಯಲ್ಲಿ ಗವಾಯಿಗಳವರು ತಮಗೆಂದು ಏನನ್ನೂ ಕಟ್ಟಿಕೊಳ್ಳಲಿಲ್ಲವೆಂಬುದೇ ಸಾಕು.

ಅವರ ಗುರುತ್ವದ ಸ್ವರೂಪವನ್ನು ತಿಳಿಯುವುದಕ್ಕೆ ಒಂದು ಪ್ರಸಂಗವನ್ನು ನೆನೆಯಬೇಕು. 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆಯಿತು. ನಾಡಿನ ರಸಿಕರು ನೆರೆದಿದ್ದ ಆ ಉತ್ಸವದಲ್ಲಿ ಗವಾಯಿಗಳವರು ಹಾಡುವುದಕ್ಕೆ ಮುಂದೆ ಕೂರಿಸಿದುದು ಇನ್ನೂ ಹತ್ತೊಂಬತ್ತರ ಹರೆಯದ ಶಿಷ್ಯ, ಯಲಿವಾಳದ ಬಸವರಾಜ ರಾಜಗುರುವನ್ನು. ತಾವು ಎಲ್ಲಿ ಕುಳಿತರು? ಶಿಷ್ಯನ ಪಕ್ಕದಲ್ಲಿ, ತಬಲಾದ ಮುಂದೆ. ಮುಖ್ಯಗಾಯಕನಾಗಿ ಮೆರೆಯಬಲ್ಲ ಗುರುವು ಶಿಷ್ಯನ ಹಾಡಿಗೆ ಸಾಥಿಯಾಗಿ ತಾಳ ಹಿಡಿದನು. ಗುರುವು ಶಿಷ್ಯನಿಗೆ ದಾಸನಾದ ಈ ನೋಟಕ್ಕಿಂತ ದಾಸೋಹಕ್ಕೆ ಬೇರೆ ವ್ಯಾಖ್ಯಾನವು ಬೇಕಾಗದು. ಅಂದು ಹಾಡಿದ ತರುಣನು ಮುಂದೆ ಹಿಂದುಸ್ತಾನಿ ಸಂಗೀತದ ಮಹಾಗಾಯಕರಲ್ಲಿ ಒಬ್ಬರಾಗಿ ನಾಡಿಗೆ ಕೀರ್ತಿ ತಂದರು. ವಚನಗಾಯನದಿಂದ ಮನೆಮಾತಾದ ಸಿದ್ಧರಾಮ ಜಂಬಲದಿನ್ನಿಯವರೂ ಇದೇ ಗುರುವಿನ ಶಿಷ್ಯರು.

ಆದರೆ ಗವಾಯಿಗಳವರ ಕಾರ್ಯಕ್ಕೆ ಉತ್ತರಾಧಿಕಾರಿಯಾದವರು ಅವರಂತೆಯೇ ಅಂಧರಾದ ಒಬ್ಬ ಶಿಷ್ಯರು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಜನಿಸಿದ ಪುಟ್ಟಯ್ಯನು ಎಳೆಯ ಕೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡನು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನೂ ಕಳೆದುಕೊಂಡನು. ಸೋದರಮಾವನು ಅವನನ್ನು ಗವಾಯಿಗಳವರ ಮಡಿಲಿಗೆ ತಂದು ಹಾಕಿದನು. ಹಿಂದೊಮ್ಮೆ ಗದಿಗೆಯ್ಯನನ್ನು ಕುಮಾರ ಶಿವಯೋಗಿಗಳು ಕಂಡಂತೆಯೇ ಈಗ ಗದಿಗೆಯ್ಯನಾಗಿದ್ದವರು ಪುಟ್ಟಯ್ಯನನ್ನು ಕಂಡರು. ಅವನಿಗೆ ಎರಡೂ ಪದ್ಧತಿಗಳ ಸಂಗೀತವಾಯಿತು, ಹಲವು ವಾದ್ಯಗಳಾದವು, ಕನ್ನಡ ಸಂಸ್ಕೃತ ಹಿಂದೀ ಭಾಷೆಗಳ ವ್ಯಾಸಂಗವಾಯಿತು. ಪುಟ್ಟಯ್ಯನೇ ಪುಟ್ಟರಾಜ ಗವಾಯಿಗಳೆಂದು ಪ್ರಸಿದ್ಧನಾಗಿ, ಮಂಡಲಿಗೆ ನಾಟಕಗಳನ್ನು ಬರೆದುಕೊಟ್ಟು ಗುರುವಿನ ಭಾರಕ್ಕೆ ಹೆಗಲುಕೊಟ್ಟನು.

ವಯಸ್ಸಾಗುತ್ತ ಬಂದಂತೆ ಸಂಚಾರವು ಶರೀರಕ್ಕೆ ಕಷ್ಟವಾಗತೊಡಗಿತು. ಮಕ್ಕಳಿಗೂ ಸ್ಥಿರವಾದ ನೆಲೆ ಬೇಕಾಗಿದ್ದಿತು. ಹತ್ತಿಯ ವ್ಯಾಪಾರಕ್ಕೂ ವೀರನಾರಾಯಣನ ಗುಡಿಗೂ ತೋಂಟದಾರ್ಯರ ಮಠಕ್ಕೂ ಹೆಸರಾದ ಗದಗಿನಲ್ಲಿ ದಾನಿಗಳ ನೆರವಿನಿಂದ ಆ ನೆಲೆಯು ದೊರೆಯಿತು. 1942ರಲ್ಲಿ ವೀರೇಶ್ವರ ಪುಣ್ಯಾಶ್ರಮವು ಅಲ್ಲಿ ನೆಲೆಗೊಂಡಿತು. ಅದು ಎರಡನೆಯ ಮಹಾಯುದ್ಧದ ಕಾಲ. ದವಸಧಾನ್ಯಗಳ ಅಭಾವವು ಎಲ್ಲೆಡೆಯಲ್ಲಿಯೂ ಇದ್ದಿತು. ನೆರೆಯ ವಿಜಾಪುರ ಜಿಲ್ಲೆಯು ಬರದಿಂದ ಬೆಂದುಹೋಗಿದ್ದಿತು. ಉಳ್ಳವರೇ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದ ಸಮಯದಲ್ಲಿ ಅಂಧರಿಗೂ ಅನಾಥರಿಗೂ ಆಶ್ರಮದ ಬಾಗಿಲು ತೆರೆಯಿತು.

ಕಟ್ಟಿದ ಮನೆಯಲ್ಲಿ ಬಹುಕಾಲ ಇರುವ ಯೋಗವು ಗವಾಯಿಗಳವರಿಗೆ ಇರಲಿಲ್ಲ. 1944ರ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಹದಿನಾಲ್ಕು ವರ್ಷಗಳ ಹಿಂದೆ ಹಾನಗಲ್ಲಿನ ಗುರುವು ಮರೆಯಾದಾಗ ಇದ್ದ ಪ್ರಶ್ನೆಯೇ ಮತ್ತೆ ಬಂದಿತು: ಈ ಮಕ್ಕಳ ಗತಿಯೇನು? ಈ ಸಲ ಉತ್ತರವು ಸಿದ್ಧವಾಗಿದ್ದಿತು. ಮೂವತ್ತು ವರ್ಷದ ಪುಟ್ಟರಾಜರು ಆಶ್ರಮದ ಹೊಣೆಯನ್ನು ಹೊತ್ತರು. 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ, ಅದನ್ನು ಕೆಳಗಿಳಿಸಲಿಲ್ಲ. ಭಕ್ತರು ಊರೂರಿನಲ್ಲಿ ಅವರಿಗೆ ತುಲಾಭಾರಗಳನ್ನು ಮಾಡಿದರು. ತಕ್ಕಡಿಯಲ್ಲಿ ಅವರ ತೂಕಕ್ಕೆ ಬಂದುದು ಆಶ್ರಮದ ಮಕ್ಕಳ ಪಾಲಾಯಿತು. 2010ರಲ್ಲಿಯೇ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿ ಮೂಲೆಗೆ ಬೀಳಬಹುದಾಗಿದ್ದ ಕೂಸು ಅದು. ಗದಗಿನಲ್ಲಿ ಆಶ್ರಮದ ಕಾರ್ಯವು ಅವರ ಅನಂತರವೂ ಮುಂದುವರಿದಿದೆ.

ಈ ಪರಂಪರೆಯನ್ನು ಹಿಂದಿರುಗಿ ನೋಡಿದರೆ ಒಂದು ಸರಪಳಿಯು ಕಾಣುತ್ತದೆ. ಕುಮಾರ ಶಿವಯೋಗಿಗಳು ಒಬ್ಬ ಅಂಧನನ್ನು ಎತ್ತಿದರು. ಆ ಅಂಧನು ಹಲವರನ್ನು ಎತ್ತಿದನು. ಆ ಹಲವರಲ್ಲೊಬ್ಬನು ಮತ್ತೆ ಅಸಂಖ್ಯರನ್ನು ಎತ್ತಿದನು. ಮೊದಲನೆಯ ದಿನ ಬರಿಯ ಅನ್ನವನ್ನಿಕ್ಕಿ ಸುಮ್ಮನಾಗಿದ್ದರೆ ಆ ಪುಣ್ಯವು ಅಂದಿನ ಸಂಜೆಗೇ ಜೀರ್ಣವಾಗುತ್ತಿದ್ದಿತು.

ಗೃಹಸ್ಥರಾದ ಸದ್ಭಕ್ತರು ಈ ಚರಿತ್ರೆಯಿಂದ ತಿಳಿಯಬೇಕಾದುದು ಬಹಳವಿದೆ. ಇಂದು ಮೈಲಿಬೇನೆಯು ಲೋಕದಿಂದಲೇ ತೊಲಗಿದೆ. ಮಕ್ಕಳ ಅಂಧತ್ವದ ಅನೇಕ ಕಾರಣಗಳಿಗೆ ಲಸಿಕೆಯೂ ಔಷಧವೂ ಶಸ್ತ್ರಚಿಕಿತ್ಸೆಯೂ ಬಂದಿವೆ. ಆದುದರಿಂದ ಮಗುವಿನ ಕಣ್ಣಿನಲ್ಲಿ ದೋಷವು ಕಂಡರೆ ಕರ್ಮವೆಂದು ಕೈಕಟ್ಟಿ ಕೂರದೆ ಮೊದಲು ವೈದ್ಯರಿಗೆ ತೋರಿಸುವುದು ಧರ್ಮ. ದೃಷ್ಟಿಯು ಮರಳಿ ಬಾರದೆ ಹೋದರೆ, ಆ ಮಗುವನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಗಿನ ಕೋಣೆಯಲ್ಲಿ ಮುಚ್ಚಿಡುವುದು ಅಧರ್ಮ. ವಿದ್ಯೆಯುಳ್ಳೆಡೆಗೆ ಅದನ್ನು ಕಳುಹಿಸಬೇಕು; ಅಂತಹ ವಿದ್ಯೆಯನ್ನು ನೀಡುವ ಸಂಸ್ಥೆಗೆ ಹೊಲದ ಜೋಳದಲ್ಲಿ ಒಂದು ಚೀಲವನ್ನಾದರೂ ವರ್ಷಕ್ಕೊಮ್ಮೆ ಮುಟ್ಟಿಸಬೇಕು; ಕಲಿತು ಬಂದವನನ್ನು ಶ್ರಾವಣದ ಪುರಾಣಕ್ಕೆ ಕರೆದು, ತಕ್ಕ ಸಂಭಾವನೆಯನ್ನು ಕೊಟ್ಟು, ಅವನ ಹಾಡನ್ನು ಕೊನೆಯವರೆಗೆ ಕುಳಿತು ಕೇಳಬೇಕು. ಕೊಡುವಾಗ ಅವನು ಕಣ್ಣಿಲ್ಲದವನೆಂಬ ಮರುಕದಿಂದ ಕೊಡದೆ, ಹಾಡು ಚೆನ್ನಾಗಿದ್ದಿತೆಂದು ಕೊಡಬೇಕು. ಗವಾಯಿಗಳವರು ತಮ್ಮ ಮಕ್ಕಳಿಗಾಗಿ ಲೋಕದಿಂದ ಬಯಸಿದ ಕಾಣಿಕೆಯು ಇದೇ.